ಕೊನೆಯ ನೂರು ಮೀಟರ್‌ನಲ್ಲಿ ಎಳೆತ ಕೈಬಿಡುವ ಆರ್‌ಎಕ್ಸ್: ಡ್ರ್ಯಾಗ್ ಎಂಜಿನ್‌ನ ದೋಷ ಹುಡುಕುವ ಕ್ರಮ

ಡ್ರ್ಯಾಗ್‌ಗೆ, ಅಂದರೆ ನೇರ ದಾರಿಯ ರೇಸ್‌ಗೆ, ಕಟ್ಟಿದ ಯಮಹಾ ಆರ್‌ಎಕ್ಸ್ ಬೈಕ್. ಲಾಂಚ್ (ನಿಂತಲ್ಲಿಂದ ಹೊರಡುವುದು) ಚೆನ್ನಾಗಿ ಬರುತ್ತದೆ. ಮೊದಲ ಮೂರು ಗೇರ್‌ನಲ್ಲಿ ಗಾಡಿ ಕಿತ್ತುಕೊಂಡು ಹೋಗುತ್ತದೆ. ಟಾಪ್ ಗೇರ್ ಹಾಕಿ ಟ್ಯಾಂಕ್ ಮೇಲೆ ಮಲಗಿ, 402 ಮೀಟರ್ ಮುಗಿಯಲು ಇನ್ನು ನೂರು ಮೀಟರ್ ಇದೆ ಅನ್ನುವಾಗ ಎಂಜಿನ್ ಕೈಬಿಡುತ್ತದೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದ್ದರೂ ಎಳೆತ ಇಲ್ಲ. ಪಕ್ಕದ ಲೇನ್‌ನವನು ಸುಮ್ನೆ ದಾಟಿಕೊಂಡು ಹೋಗುತ್ತಾನೆ.

ಆರ್‌ಎಕ್ಸ್ 100, ಆರ್‌ಎಕ್ಸ್ 135 ಕಟ್ಟುವವರ ಹತ್ತಿರ ಜಾಸ್ತಿ ಬರುವ ದೂರು ಇದೇ. 1985ರಿಂದ 1996ರವರೆಗೆ ಬಂದ ಆರ್‌ಎಕ್ಸ್ 100ರದ್ದು 98 ಸಿಸಿ, 50 ಎಂಎಂ ಬೋರ್, 50 ಎಂಎಂ ಸ್ಟ್ರೋಕ್. ಕಂಪನಿ ಕೊಟ್ಟಿದ್ದು 11 ಅಶ್ವಶಕ್ತಿ. ಇಂಥ ಎಂಜಿನ್‌ನ ಪೋರ್ಟ್ (ಸಿಲಿಂಡರ್ ಗೋಡೆಯ ಕಿಂಡಿ) ಎತ್ತರಿಸಿ, ಹೆಡ್ ಇಳಿಸಿ, ಚೇಂಬರ್ (ರೇಸ್ ಸೈಲೆನ್ಸರ್) ಹಾಕಿ, ದೊಡ್ಡ ಕಾರ್ಬೊರೇಟರ್ ಕೂರಿಸಿದ ಮೇಲೆ ಅದು ಕಂಪನಿ ಎಂಜಿನ್ ಆಗಿ ಉಳಿಯುವುದಿಲ್ಲ. ಕಂಪನಿ ಗಾಡಿಯಲ್ಲಿ ಗೊತ್ತೇ ಆಗದ ಸಣ್ಣ ಲೀಕ್ ಇಲ್ಲಿ ಪಿಸ್ಟನ್ ತಿನ್ನುತ್ತದೆ.

ಇಂಥ ದೂರು ಬಂದಾಗ ಹೆಚ್ಚಿನವರು ಮೊದಲು ಕೈ ಹಾಕುವುದು ಮೇನ್ ಜೆಟ್‌ಗೆ, ಅಂದರೆ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಅಳತೆ ಮಾಡಿ ಬಿಡುವ ತೂತಿನ ಬಿಡಿಭಾಗಕ್ಕೆ. ಅದು ಕೊನೆಗೆ ಮುಟ್ಟಬೇಕಾದ ವಸ್ತು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಎಲ್ಲೋ ಗಾಳಿ ಎಳೆಯುತ್ತಿರುವ ಎಂಜಿನ್‌ಗೆ ಜೆಟ್ ಹೊಂದಿಸಿದರೆ ನೀವು ಹೊಂದಿಸಿದ್ದು ಆ ಲೀಕ್‌ಗೆ. ನಾಳೆ ಲೀಕ್ ಸ್ವಲ್ಪ ದೊಡ್ಡದಾದರೆ ಲೆಕ್ಕವೆಲ್ಲ ಹೋಯಿತು.

ಯಾವಾಗ ಸಾಯುತ್ತದೆ?

ಸ್ಪ್ಯಾನರ್ ಹಿಡಿಯುವ ಮೊದಲು ರೈಡರ್ ಹತ್ತಿರ ಕೂತು ಒಂದು ವಿಷಯ ಬಿಡಿಸಿ ಕೇಳಿ. ಗಾಡಿ ಒಂದು ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಬಂದಾಗ ಸಾಯುತ್ತದೆಯೋ, ಇಷ್ಟು ಸೆಕೆಂಡ್ ಓಡಿದ ಮೇಲೆ ಸಾಯುತ್ತದೆಯೋ, ಬಿಸಿಯಾದ ಮೇಲೆ ಸಾಯುತ್ತದೆಯೋ? ಈ ಮೂರೂ ಟಾಪ್ ಗೇರ್‌ನಲ್ಲೇ ಕಾಣಿಸಿಕೊಳ್ಳುತ್ತವೆ. ಅದಕ್ಕೇ ಒಂದೇ ದೋಷದ ಹಾಗೆ ಅನಿಸುತ್ತದೆ. ಕಾರಣ ಮಾತ್ರ ಮೂರಕ್ಕೂ ಬೇರೆ ಬೇರೆ.

ಥರ್ಡ್ ಗೇರ್‌ನಲ್ಲೂ ಅದೇ ಆರ್‌ಪಿಎಂಗೆ ನಿಂತರೆ ಇಗ್ನಿಷನ್, ರೀಡ್ ವಾಲ್ವ್ (ಗಾಳಿ, ಪೆಟ್ರೋಲ್ ಅನ್ನು ಒಳಮುಖವಾಗಿ ಮಾತ್ರ ಬಿಡುವ ಎಲೆ ಬಾಗಿಲು) ಅಥವಾ ಚೇಂಬರ್ ಕಡೆ ನೋಡಿ. ಥರ್ಡ್‌ನಲ್ಲಿ ಪೂರ್ತಿ ಆರ್‌ಪಿಎಂ ಏರಿ, ರನ್ ಶುರುವಾಗಿ ಹತ್ತು ಹನ್ನೊಂದು ಸೆಕೆಂಡ್ ಆದ ಮೇಲೆ ಟಾಪ್‌ನಲ್ಲಿ ಕೈಕೊಟ್ಟರೆ ಪೆಟ್ರೋಲ್ ಸಾಲುತ್ತಿಲ್ಲ. ಬೆಳಗಿನ ಮೊದಲ ರನ್ ಚೆನ್ನಾಗಿದ್ದು, ಆಮೇಲೆ ರನ್‌ನಿಂದ ರನ್‌ಗೆ ಕೆಡುತ್ತಾ ಹೋದರೆ ಕಾಯಿಲ್‌ಗೆ ಬಿಸಿ ತಾಗುತ್ತಿದೆ, ಇಲ್ಲವೇ ಎಂಜಿನ್ ಡಿಟೊನೇಷನ್‌ಗೆ (ಪೆಟ್ರೋಲ್ ಕ್ರಮವಾಗಿ ಉರಿಯದೆ ಒಮ್ಮೆಗೇ ಸಿಡಿಯುವುದು) ಹೋಗುತ್ತಿದೆ.

ರೈಡರ್‌ಗೆ ಸರಿಯಾಗಿ ಹೇಳಲು ಆಗದಿದ್ದರೆ ಹಿಂದಿನ ಸ್ಪ್ರಾಕೆಟ್‌ನಲ್ಲಿ ಎರಡು ಹಲ್ಲು ಕಡಿಮೆ ಮಾಡಿ ಒಂದು ರನ್ ಓಡಿಸಿ. ಸಾಯುವ ಜಾಗ ಮುಂದಕ್ಕೆ ಹೋಗಿ ಆರ್‌ಪಿಎಂ ಹಳೆಯದೇ ಇದ್ದರೆ, ಅದು ಚೇಂಬರ್‌ನ ಮಿತಿ ಇರಬಹುದು. ಆಗ ದೋಷವೇ ಇಲ್ಲ, ಗೇರಿಂಗ್ ತಪ್ಪಿದೆ ಅಷ್ಟೇ. ಪ್ರತಿ ಚೇಂಬರ್‌ಗೂ ಒಂದು ಆರ್‌ಪಿಎಂ ಪಟ್ಟಿ ಇರುತ್ತದೆ. ಅದು ಮುಗಿದ ಮೇಲೆ ಎಷ್ಟು ತಿರುಗಿಸಿದರೂ ಎಳೆತ ಸಿಗುವುದಿಲ್ಲ. ಸ್ಪ್ರಾಕೆಟ್ ಬದಲಾದರೂ ಅಷ್ಟೇ ಸೆಕೆಂಡ್‌ಗೆ ಸತ್ತರೆ ನೇರ ಟ್ಯಾಂಕ್ ಕಡೆ ಹೋಗಿ.

ಸಾಯುವ ರೀತಿಯನ್ನೂ ಕೇಳಿ. ಸ್ವಿಚ್ ಆಫ್ ಮಾಡಿದ ಹಾಗೆ ಟಕ್ ಅಂತ ಕಟ್ ಆದರೆ ಕರೆಂಟ್. ಬರ್ರ್ ಅಂತ ತೊದಲಿ, ಹೊಗೆ ಬಿಟ್ಟು, ಮೇಲೇಳದೆ ಇದ್ದರೆ ರಿಚ್ (ಗಾಳಿಗೆ ಪೆಟ್ರೋಲ್ ಜಾಸ್ತಿ). ಸೌಂಡ್ ತೆಳ್ಳಗಾಗಿ, ತಗಡಿನ ಹಾಗೆ ಕೇಳಿ, ಮೆಲ್ಲಗೆ ಸೋತರೆ ಲೀನ್ (ಗಾಳಿಗೆ ಪೆಟ್ರೋಲ್ ಕಡಿಮೆ). ಆ ಹೊತ್ತಿಗೆ ಆಕ್ಸಿಲರೇಟರ್ ಕಾಲು ಭಾಗ ಹಿಂದಕ್ಕೆ ಬಿಟ್ಟಾಗ ಗಾಡಿ ಮತ್ತೆ ಎಳೆದರೆ ಲೀನ್ ಅನ್ನುವುದು ಖಾತ್ರಿ. ಅಲ್ಲಿಂದ ಮುಂದೆ ಮತ್ತೆ ಫುಲ್ ತಿರುಗಿಸಬೇಡಿ. ಅದು ಸೀಜ್ ಆಗುವ (ಪಿಸ್ಟನ್ ಸಿಲಿಂಡರ್‌ನಲ್ಲಿ ಹಿಡಿದುಕೊಳ್ಳುವ) ಮುಂಚಿನ ಕೊನೆಯ ಸೂಚನೆ. ಇನ್ನು ಎಂಜಿನ್ ಕೂಗು ಏರುತ್ತಾ ಹೋಗಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಪ್ಲೇಟ್, ಸ್ಪ್ರಿಂಗ್ ಬದಲಾಯಿಸಿ. ಎಂಜಿನ್ ಬಿಚ್ಚುವ ಕೆಲಸವೇ ಇಲ್ಲ.

ಪೆಟ್ರೋಲ್ ಬರುತ್ತಿದೆಯಾ?

ಅತಿ ಸುಲಭದ ಪರೀಕ್ಷೆ ಇದು, ಅತಿ ಹೆಚ್ಚು ಜನ ಬಿಡುವುದೂ ಇದನ್ನೇ. 20 ಅಶ್ವಶಕ್ತಿ ಕೊಡುವ ಟೂ ಸ್ಟ್ರೋಕ್ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ ನಿಮಿಷಕ್ಕೆ ಸುಮಾರು 170ರಿಂದ 200 ಎಂಎಲ್ ಪೆಟ್ರೋಲ್ ಕುಡಿಯುತ್ತದೆ. 14–15 ಸೆಕೆಂಡ್‌ನ ರನ್‌ಗೆ ಸುಮಾರು 40 ಎಂಎಲ್ ಬೇಕು. ಕಾರ್ಬೊರೇಟರ್ ಅಡಿಯ ಬಟ್ಟಲಿನಲ್ಲಿ (ಫ್ಲೋಟ್ ಬೌಲ್) ಮೊದಲೇ ತುಂಬಿಕೊಂಡಿರುವುದು ಕೆಲವೇ ಚಮಚ. ಟ್ಯಾಪ್‌ನಿಂದ ಬರುವುದು ಕಡಿಮೆ ಇದ್ದರೂ ಆ ಕೆಲವು ಚಮಚದ ಮೇಲೆ ಗಾಡಿ ಮೊದಲ ಮೂರು ಗೇರ್ ದಾಟಿಬಿಡುತ್ತದೆ. ಬೌಲ್ ಖಾಲಿಯಾಗುತ್ತಾ ಬರುವುದು ಕೊನೆಯ ನೂರು ಮೀಟರ್‌ಗೆ.

ಅಳೆಯುವಾಗ ಪೈಪ್ ಕಿತ್ತು ಬಾಟಲಿಗೆ ಬಿಟ್ಟು ನೋಡಿದರೆ ಸಾಲದು. ಪೈಪ್‌ನಿಂದ ಧಾರಾಳವಾಗಿ ಬರುತ್ತಿದ್ದರೂ ಬೌಲ್‌ಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್‌ನ ಸೀಟ್‌ನಲ್ಲಿ ಕಟ್ಟಿಕೊಂಡಿರಬಹುದು. ಬೌಲ್ ಬಿಚ್ಚಿ, ಫ್ಲೋಟ್ ಕೆಳಗೆ ಇಳಿದಿರುವಾಗ ಟ್ಯಾಪ್ ತೆರೆದು, ಅಡಿಯಲ್ಲಿ ಅಳತೆ ಲೋಟ ಹಿಡಿಯಿರಿ. ಎಂಜಿನ್ ತಣ್ಣಗಿರಲಿ, ಹತ್ತಿರ ಕಿಡಿ ಬೆಂಕಿ ಇರಬಾರದು. ಒಂದು ನಿಮಿಷಕ್ಕೆ 350–400 ಎಂಎಲ್ ಬಂದರೆ ನಿಶ್ಚಿಂತೆ. 200 ಬಂದರೆ ಸಿಕ್ಕಿಬಿದ್ದಿರಿ. ಟ್ಯಾಂಕ್‌ನಲ್ಲಿ ರೇಸ್ ದಿನ ಎಷ್ಟು ಪೆಟ್ರೋಲ್ ಹಾಕುತ್ತೀರೋ ಅಷ್ಟೇ ಹಾಕಿ ಅಳೆಯಿರಿ. ತೂಕ ಉಳಿಸಲು ಅರ್ಧ ಲೀಟರ್ ಹಾಕುವವರು, ಪುಟ್ಟ ಟ್ಯಾಂಕ್‌ ಅನ್ನು ಕೆಳಗೆ ಕೂರಿಸಿದವರು ಇದನ್ನು ಮರೆಯಬಾರದು. ಪೆಟ್ರೋಲ್ ತನ್ನ ಎತ್ತರದಿಂದಲೇ ಇಳಿಯಬೇಕು, ಪಂಪ್ ಇಲ್ಲ ಅಲ್ವಾ? ಮಟ್ಟ ಕೆಳಗಿಳಿದಷ್ಟೂ ಹರಿವು ಕಡಿಮೆ.

ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿದ್ದರೂ ಇದೇ ಲಕ್ಷಣ. ಆದರೆ ಅದು ಒಂದೇ ರನ್‌ನಲ್ಲಿ ಕಾಣುವುದು ಕಡಿಮೆ. ಸ್ಟೇಜಿಂಗ್‌ಗೆ (ಸ್ಟಾರ್ಟ್ ಗೆರೆಗೆ ಬರಲು) ಕಾಯುತ್ತಾ ಎಂಜಿನ್ ಓಡುತ್ತಿದ್ದಾಗಲೇ ಟ್ಯಾಂಕ್ ಒಳಗೆ ಗಾಳಿಯ ಒತ್ತಡ ಇಳಿದು, ರನ್‌ನಲ್ಲಿ ಕೈಕೊಡುತ್ತದೆ. ಮುಚ್ಚಳ ತೆರೆದಾಗ ಉಸ್ ಅಂದರೆ ಗೊತ್ತಾಯಿತು.

ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ವಿಷಯ ಇಲ್ಲೇ ಹೇಳಬೇಕು. ಆರ್‌ಎಕ್ಸ್ ಬಂದಾಗ ಯಾರೂ ಅದರ ರಬ್ಬರ್ ಭಾಗಗಳನ್ನು ಎಥನಾಲ್‌ಗೆ ಅಂತ ಮಾಡಿರಲಿಲ್ಲ. ನೀಡಲ್ ವಾಲ್ವ್‌ನ ರಬ್ಬರ್ ತುದಿ ಊದಿಕೊಳ್ಳುತ್ತದೆ, ಟ್ಯಾಪ್‌ನ ಒಳಗಿನ ವಾಷರ್ ಉಬ್ಬಿ ದಾರಿ ಕಿರಿದಾಗುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಪೆಟ್ರೋಲ್ ತುಂಬಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕ್ ತುಕ್ಕು ಬಿಡುತ್ತದೆ, ಆ ಪುಡಿ ಬಂದು ಸೀಟ್‌ನಲ್ಲಿ ಕೂರುತ್ತದೆ. ರೇಸ್ ಮುಗಿದ ಸಂಜೆಯೇ ಟ್ಯಾಂಕ್, ಬೌಲ್ ಎರಡನ್ನೂ ಖಾಲಿ ಮಾಡಿ.

ಲೆಕ್ಕದ ಕಡೆಯಿಂದಲೂ ನೋಡಿ. 1 ಗ್ರಾಂ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥನಾಲ್‌ಗೆ 9 ಗ್ರಾಂ ಸಾಕು. ಇ20ಗೆ ಬಂದರೆ ಆ ಲೆಕ್ಕ ಸುಮಾರು 13.5. ಅಂದರೆ ಅದೇ ಗಾಳಿಗೆ ಇನ್ನಷ್ಟು ಪೆಟ್ರೋಲ್ ಹೋಗಬೇಕು. ಹಳೆಯ ಪೆಟ್ರೋಲ್‌ಗೆ ಕೂರಿಸಿದ ಜೆಟ್‌ನಲ್ಲೇ ಓಡಿಸುತ್ತಿದ್ದರೆ ಗಾಡಿ ತಾನಾಗಿ ಲೀನ್ ಆಗಿದೆ. ಡಿಟೊನೇಷನ್ ವಿಷಯದಲ್ಲಿ ಎಥನಾಲ್ ಒಳ್ಳೆಯದೇ, ಆಕ್ಟೇನ್ ಏರುತ್ತದೆ. ಅದನ್ನು ಬೈಯುವ ಬದಲು ಅದಕ್ಕೆ ತಕ್ಕ ಹಾಗೆ ಜೆಟ್ ಹೊಂದಿಸಿಕೊಳ್ಳುವುದು ಜಾಣತನ. ಪೆಟ್ರೋಲ್‌ನಲ್ಲಿ ಎಥನಾಲ್ ಎಷ್ಟಿದೆ ಅಂತ ಅನುಮಾನ ಬಂದರೆ, ಆಯಿಲ್ ಬೆರೆಸುವ ಮೊದಲು ಗೆರೆ ಇರುವ ಗಾಜಿನ ಕೊಳವೆಯಲ್ಲಿ 10 ಎಂಎಲ್ ನೀರು, ಮೇಲೆ 100 ಎಂಎಲ್ ಪೆಟ್ರೋಲ್ ಹಾಕಿ ಅಲ್ಲಾಡಿಸಿ ನಿಲ್ಲಿಸಿ. ಕೆಳಗಿನ ನೀರಿನ ಪದರ ಎಷ್ಟು ಬೆಳೆಯಿತೋ ಹೆಚ್ಚುಕಡಿಮೆ ಅಷ್ಟು ಎಥನಾಲ್.

ಆಯಿಲ್ ಬಗ್ಗೆಯೂ ಒಂದು ಮಾತು. ಭಯಕ್ಕೆ ಟೂಟಿ ಆಯಿಲ್ (ಪೆಟ್ರೋಲ್‌ಗೆ ಬೆರೆಸುವ 2ಟಿ ಆಯಿಲ್) ಜಾಸ್ತಿ ಸುರಿಯುವವರಿದ್ದಾರೆ. ಜೆಟ್‌ನ ತೂತಿನಲ್ಲಿ ಹೋಗುವುದು ಪೆಟ್ರೋಲ್, ಆಯಿಲ್ ಎರಡೂ. ಆಯಿಲ್ ಹೆಚ್ಚಾದಷ್ಟು ಪೆಟ್ರೋಲ್ ಕಡಿಮೆ, ಅಂದರೆ ಮಿಕ್ಸ್ಚರ್ ಲೀನ್ ಕಡೆಗೆ ಜಾರುತ್ತದೆ. ಲೀಟರ್‌ಗೆ 40 ಎಂಎಲ್ ಅಂತ ತೀರ್ಮಾನ ಮಾಡಿದರೆ ಪ್ರತಿ ಸಲವೂ 40 ಇರಲಿ. ಅಳತೆ ಬದಲಾದರೆ ಜೆಟ್ಟಿಂಗ್ ಕೂಡ ಬದಲಾದ ಹಾಗೆಯೇ.

ಗಾಳಿ ಎಲ್ಲಿಂದ ಎಳೆಯುತ್ತಿದೆ?

ಪೆಟ್ರೋಲ್ ಸರಿಯಿದ್ದೂ ಲೀನ್ ಲಕ್ಷಣ ಇದ್ದರೆ ಇನ್ನೊಂದು ದಾರಿಯಿಂದ ಗಾಳಿ ಒಳಗೆ ಹೋಗುತ್ತಿದೆ. ಸುಳಿವು ಐಡಲ್‌ನಲ್ಲೇ ಸಿಗುತ್ತದೆ. ಬಿಸಿ ಎಂಜಿನ್‌ಗೆ ಒಂದು ರೇಸ್ ಕೊಟ್ಟು ಬಿಡಿ. ಆರ್‌ಪಿಎಂ ತಕ್ಷಣ ಇಳಿಯದೆ ಮೇಲೆಯೇ ತೂಗಾಡಿಕೊಂಡು ನಿಧಾನಕ್ಕೆ ಇಳಿದರೆ ಅನುಮಾನ ಪಡಿ.

ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸ್ (ಪಿಸ್ಟನ್ ಕೆಳಗಿನ ಪೆಟ್ಟಿಗೆ) ಕೂಡ ಉಸಿರಾಡುವ ಭಾಗ. ಅದರ ಎರಡು ಬದಿಯ ಆಯಿಲ್ ಸೀಲ್ ಗಟ್ಟಿಯಿರಬೇಕು. ಎಡಗಡೆ, ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಬರೀ ಗಾಳಿ ಎಳೆಯುತ್ತದೆ, ಲೀನ್ ಆಗುತ್ತದೆ. ಬಲಗಡೆ, ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಎಳೆಯುತ್ತದೆ. ಹೊಗೆ ಜಾಸ್ತಿ, ಆಯಿಲ್ ಮಟ್ಟ ಇಳಿಯುತ್ತದೆ, ಪ್ಲಗ್ ಒದ್ದೆ. ಮ್ಯಾಗ್ನೆಟ್ ಕವರ್ ತೆಗೆದಾಗ ಪ್ಲೇಟ್ ಮೇಲೆ ಎಣ್ಣೆ ಮಂಜು ಹಿಡಿದಿದ್ದರೆ ಸೀಲ್ ಬಗ್ಗೆ ಬೇರೆ ಸಾಕ್ಷಿ ಬೇಡ.

ಕಣ್ಣಿಗೆ ಕಾಣದಿದ್ದರೆ ಪ್ರೆಷರ್ ಟೆಸ್ಟ್ ಮಾಡಲೇಬೇಕು. ಇದಕ್ಕೆ ದುಬಾರಿ ಸಾಮಾನು ಬೇಡ. ಡಾಕ್ಟರ್ ಬಳಸುವ ಬಿಪಿ ಮೀಟರ್‌ನ ರಬ್ಬರ್ ಬಲ್ಬ್, ಡಯಲ್ ಎರಡೂ ಸಾಕು. ಅದರ 300ರ ಗೆರೆ ಅಂದರೆ 5.8 ಪಿಎಸ್‌ಐ. ನಮಗೆ ಬೇಕಾದ ಒತ್ತಡ ಹೆಚ್ಚುಕಡಿಮೆ ಅಷ್ಟೇ. ಸೈಲೆನ್ಸರ್ ತೆಗೆದು ಎಕ್ಸಾಸ್ಟ್ ಪೋರ್ಟ್‌ಗೆ ಹಳೆಯ ಟ್ಯೂಬ್ ತುಂಡು, ಮೇಲೊಂದು ಪಟ್ಟಿ ಇಟ್ಟು ಬಿಗಿಯಿರಿ. ಪಿಸ್ಟನ್ ತೀರಾ ಕೆಳಗಿರಲಿ. ಆಗ ಟ್ರಾನ್ಸ್‌ಫರ್ ಪೋರ್ಟ್ ತೆರೆದು ಸಿಲಿಂಡರ್, ಕ್ರ್ಯಾಂಕ್‌ಕೇಸ್ ಎರಡೂ ಒಂದಾಗುತ್ತವೆ. ಕಾರ್ಬೊರೇಟರ್ ತೆಗೆದು, ಅದು ಕೂರುವ ಕೊಳವೆಯ (ಮ್ಯಾನಿಫೋಲ್ಡ್) ಬಾಯಿಗೆ ರಬ್ಬರ್ ಬಿರಡೆ ಹಾಕಿ, ಅದರ ನಡುವಿನ ಕೊಳವೆಯಿಂದ ಗಾಳಿ ಹಾಕಿ.

ಗಾಳಿಯನ್ನು ಮ್ಯಾನಿಫೋಲ್ಡ್ ಕಡೆಯಿಂದಲೇ ಹಾಕಬೇಕು. ಪ್ಲಗ್ ತೂತಿನಿಂದ ಹಾಕಿದರೆ ಆ ಒತ್ತಡಕ್ಕೆ ರೀಡ್ ವಾಲ್ವ್ ಮುಚ್ಚಿಕೊಳ್ಳುತ್ತದೆ, ಮ್ಯಾನಿಫೋಲ್ಡ್ ರಬ್ಬರ್ ಟೆಸ್ಟೇ ಆಗುವುದಿಲ್ಲ. ಬಿರುಕು ಬಿಡುವುದು ಅಲ್ಲೇ ಜಾಸ್ತಿ.

ಮುಳ್ಳು ಆರು ನಿಮಿಷ ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ಡಯಲ್‌ನ ಅಂಕಿಯಲ್ಲಿ ನಿಮಿಷಕ್ಕೆ 50ಕ್ಕಿಂತ ಜಾಸ್ತಿ ಇಳಿದರೆ ಆ ಎಂಜಿನ್ ರನ್‌ಗೆ ಸಿದ್ಧವಿಲ್ಲ. ಇನ್ನೂ ಒತ್ತಡ ಏರಿಸೋಣ ಅಂತ ಹೋಗಬೇಡಿ, ಒಳ್ಳೆಯ ಸೀಲ್ ಕೂಡ ಜಾಗ ಬಿಡುತ್ತದೆ. ಸೋಪಿನ ನೀರು ಹಚ್ಚುತ್ತಾ ಬನ್ನಿ: ಹೆಡ್, ಬೇಸ್ ಪ್ಯಾಕಿಂಗ್, ಮ್ಯಾನಿಫೋಲ್ಡ್, ಎರಡು ಕೇಸ್ ಸೇರುವ ಗೆರೆ, ಮ್ಯಾಗ್ನೆಟ್ ಬದಿಯ ಸೀಲ್.

ತುಮಕೂರು ಕಡೆಯ ಒಬ್ಬ ಹುಡುಗ 135 ತಂದಿದ್ದ. "ಅಣ್ಣಾ, ಎಲ್ಲಾ ಜೆಟ್ ಹಾಕಿ ನೋಡಿದೆ, ಒಂದು ರನ್ ಚೆನ್ನಾಗಿ ಹೋದ್ರೆ ಇನ್ನೊಂದು ಹೋಗಲ್ಲ" ಅಂದ. ಸೀಲ್ ಎರಡೂ ಹೊಸದು, ಪ್ಯಾಕಿಂಗ್ ಹೊಸದು. ಆದರೂ ಮುಳ್ಳು ನೋಡನೋಡುತ್ತಾ ಇಳಿಯುತ್ತಿತ್ತು. ಡ್ರ್ಯಾಗ್‌ಗೆ ಅಂತ ಆಯಿಲ್ ಪಂಪ್ ತೆಗೆದು ಪ್ರೀಮಿಕ್ಸ್ (ಆಯಿಲ್ ಅನ್ನು ಪೆಟ್ರೋಲ್‌ಗೆ ಮೊದಲೇ ಬೆರೆಸುವುದು) ಮಾಡಿಕೊಂಡಿದ್ದ. ಆಯಿಲ್ ಬರುತ್ತಿದ್ದ ಸಣ್ಣ ತೂತಿಗೆ ಯಾರೋ ಎಪಾಕ್ಸಿ ಪುಟ್ಟಿ ಮೆತ್ತಿದ್ದರು. ಸೋಪಿನ ನೀರು ಬಿಟ್ಟಾಗ ಪುಟ್ಟಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಬಿಸಿಯಾದಾಗ ಪುಟ್ಟಿ ಬಿಡುತ್ತಿತ್ತು, ತಣ್ಣಗಾದಾಗ ಹಿಡಿಯುತ್ತಿತ್ತು. ಅದಕ್ಕೇ ಒಂದೊಂದು ರನ್ ಒಂದೊಂದು ಥರ. ಪುಟ್ಟಿ ಕೆರೆದು, ಥ್ರೆಡ್ ಕೊರೆದು ಸ್ಕ್ರೂ ಹಾಕಿ ಮುಚ್ಚಿದ ಮೇಲೆ ಮುಳ್ಳು ನಿಂತಿತು. ಆಮೇಲೆ ಆ ಗಾಡಿಗೆ ಮೊದಲಿಗಿಂತ ಸಣ್ಣ ಜೆಟ್ ಸಾಕಾಯಿತು, ಕೊನೆಯವರೆಗೂ ಎಳೆಯಿತು. ಪಂಪ್ ತೆಗೆದವರೆಲ್ಲ ಆ ತೂತನ್ನು ಒಮ್ಮೆ ನೋಡಿಕೊಳ್ಳಿ.

ಒತ್ತಡಕ್ಕೆ ನಿಂತ ಸೀಲ್ ಕೆಲವೊಮ್ಮೆ ಎಳೆತಕ್ಕೆ ನಿಲ್ಲುವುದಿಲ್ಲ, ಯಾಕೆಂದರೆ ಒಳಗಿನ ಒತ್ತಡ ಸೀಲ್‌ನ ತುಟಿಯನ್ನು ಶಾಫ್ಟ್‌ಗೆ ಒತ್ತಿ ಹಿಡಿಯುತ್ತದೆ. ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್ ಸಿಕ್ಕರೆ ಉಲ್ಟಾ ಕೂಡ ನೋಡಿ.

ಆರ್‌ಪಿಎಂಗೆ, ಬಿಸಿಗೆ ಸಾಯುವ ಗಾಡಿ

ರೀಡ್ ವಾಲ್ವ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಎಲೆಯ ತುದಿ ಚೂರು ಒಡೆದಿದ್ದರೆ ಕಾರ್ಬೊರೇಟರ್ ಹಿಂದಕ್ಕೆ ಉಗುಳುತ್ತದೆ. ಒಡೆದಿಲ್ಲದೆಯೂ ಸ್ಪ್ರಿಂಗ್ ಸೋತ ಎಲೆ ಮೇಲಿನ ಆರ್‌ಪಿಎಂನಲ್ಲಿ ಬಡಿದಾಡುತ್ತದೆ, ಸರಿಯಾದ ಹೊತ್ತಿಗೆ ಮುಚ್ಚುವುದಿಲ್ಲ. ಇದು ಕಣ್ಣಿಗೆ ಕಾಣುವುದಿಲ್ಲ, ಹೊಸ ಸೆಟ್ ಹಾಕಿ ಹೋಲಿಸುವುದೇ ದಾರಿ.

ಇಗ್ನಿಷನ್‌ನಲ್ಲಿ ಮೊದಲು ಅಗ್ಗದ್ದನ್ನು ನೋಡಿ: ಹೊಸ ಪ್ಲಗ್, 0.6 ಎಂಎಂ ಗ್ಯಾಪ್, ಕ್ಯಾಪ್, ಕಾಯಿಲ್‌ನ ಅರ್ತ್. ಫ್ರೇಮ್‌ಗೆ ಪೌಡರ್ ಕೋಟಿಂಗ್ ಮಾಡಿಸಿದವರ ಗಾಡಿಯಲ್ಲಿ ಕಾಯಿಲ್ ಬೋಲ್ಟ್ ಪೇಂಟ್ ಮೇಲೆ ಕೂತಿರುತ್ತದೆ, ಅರ್ತ್ ಸಿಗುವುದಿಲ್ಲ. ಕೆರೆದು ಲೋಹ ಕಾಣುವ ಹಾಗೆ ಮಾಡಿ. ಕಂಪ್ರೆಷನ್ ಏರಿಸಿದ ಎಂಜಿನ್‌ನಲ್ಲಿ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಹಾಗಾಗಿ ಕಂಪನಿ ಹೆಡ್‌ನಲ್ಲಿ ನಡೆದ ಕಾಯಿಲ್ ಇಲ್ಲಿ ಸೋಲಬಹುದು. ಬಿಸಿಯಾದ ಮೇಲೆ ಕೆಡುವ ಗಾಡಿಯಾದರೆ ಪಲ್ಸರ್ ಕಾಯಿಲ್‌ನ (ಕಿಡಿಗೆ ಸಂಕೇತ ಕೊಡುವ ಕಾಯಿಲ್) ಓಮ್ಸ್ ಅನ್ನು ತಣ್ಣಗಿರುವಾಗ ಒಮ್ಮೆ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಒಮ್ಮೆ ಅಳೆಯಿರಿ. ಬಿಸಿಗೆ ಸ್ವಲ್ಪ ಏರುವುದು ಸಹಜ. ಮುಳ್ಳು ಹಾರಾಡಿದರೆ, ಓಪನ್ ತೋರಿಸಿದರೆ ಕಾಯಿಲ್ ಬದಲಿಸಿ.

ಟೈಮಿಂಗ್ (ಕಿಡಿ ಹಾರುವ ಹೊತ್ತು) ಅಳೆಯುವಾಗ ಪ್ಲಗ್ ತೂತಿಗೆ ಡಯಲ್ ಗೇಜ್ ಹಾಕಿ ನಿಜವಾದ ಟಿಡಿಸಿ (ಪಿಸ್ಟನ್ ತೀರಾ ಮೇಲಿರುವ ಜಾಗ) ಹುಡುಕಿಕೊಳ್ಳಿ. ಮ್ಯಾಗ್ನೆಟ್‌ನ ಕೀ ಅರ್ಧ ಕತ್ತರಿಸಿದ್ದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಟೈಮಿಂಗ್ ಮಾತ್ರ ಸರಿದಿರುತ್ತದೆ. ಟೈಮಿಂಗ್ ಮುಂದಿದ್ದರೆ ಬಿಸಿ ಪಿಸ್ಟನ್‌ಗೆ ಹೋಗುತ್ತದೆ, ಹಿಂದಿದ್ದರೆ ಚೇಂಬರ್‌ಗೆ ಹೋಗುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಹಿಂದಿದ್ದರೆ ಚೇಂಬರ್ ಬಿಸಿಯಾಗಿ ಇನ್ನಷ್ಟು ದೂರ ಎಳೆಯುತ್ತದೆ. ಹಾಗಾಗಿ "ಜಾಸ್ತಿ ಅಡ್ವಾನ್ಸ್, ಜಾಸ್ತಿ ಪವರ್" ಅನ್ನುವ ಮಾತನ್ನು ಡ್ರ್ಯಾಗ್ ಗಾಡಿಗೆ ಹಚ್ಚಬೇಡಿ.

ಡಿಟೊನೇಷನ್ ಗುರುತು ಪ್ಲಗ್‌ನ ಬಿಳಿ ಪಿಂಗಾಣಿ ಮೇಲೆ ಸಿಗುತ್ತದೆ. ಲೆನ್ಸ್ ಹಿಡಿದು ನೋಡಿ. ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ, ನಡುವೆ ಮಿನುಗುವ ಅಲ್ಯೂಮಿನಿಯಂ ಕಣ ಕಂಡರೆ ಪಿಸ್ಟನ್ ಕರಗಲು ಶುರುವಾಗಿದೆ. ಅವತ್ತಿನ ಓಟ ಅಲ್ಲಿಗೇ ನಿಲ್ಲಿಸಿ. ಸ್ಕ್ವಿಷ್ ಗ್ಯಾಪ್ (ಪಿಸ್ಟನ್ ತೀರಾ ಮೇಲಿದ್ದಾಗ ಅದರ ಅಂಚಿಗೂ ಹೆಡ್‌ಗೂ ನಡುವಿನ ಸಂದು) ಅಳೆಯಲು ಮೆತ್ತನೆಯ ಬೆಸುಗೆ ತಂತಿಯನ್ನು ಪ್ಲಗ್ ತೂತಿನಿಂದ ಬೋರ್‌ನ ಗೋಡೆಗೆ ತಾಗುವ ಹಾಗೆ ಬಿಟ್ಟು, ಎಂಜಿನ್ ಕೈಯಲ್ಲಿ ತಿರುಗಿಸಿ, ಚಪ್ಪಟೆಯಾದ ತುದಿಯ ದಪ್ಪವನ್ನು ಪಿಸ್ಟನ್ ಪಿನ್‌ನ ಸಾಲಿನಲ್ಲಿ ಎರಡೂ ಬದಿ ನೋಡಿ. ಇಷ್ಟು ಸಣ್ಣ ಎಂಜಿನ್‌ಗೆ 0.8ರಿಂದ 1 ಎಂಎಂ ಒಳ್ಳೆಯದು. ಹೆಡ್ ಇಳಿಸಿ ಕಂಪ್ರೆಷನ್ ಏರಿಸಿ, ಸ್ಕ್ವಿಷ್ 1.5 ಎಂಎಂ ಬಿಟ್ಟಿದ್ದರೆ ಎರಡೂ ಕಡೆಯ ನಷ್ಟ ನಿಮಗೇ.

ಈಗ ಜೆಟ್

ಪೆಟ್ರೋಲ್ ಹರಿವು, ಗಾಳಿ, ಕಿಡಿ ಮೂರೂ ಸರಿ ಅಂತ ಆದ ಮೇಲೆ ಜೆಟ್ ಪೆಟ್ಟಿಗೆ ತೆಗೆಯಿರಿ. ರಿಚ್ ಕಡೆಯಿಂದ ಶುರು ಮಾಡಿ ಒಂದೊಂದೇ ನಂಬರ್ ಇಳಿಸಿ. ತೀರ್ಮಾನಕ್ಕೆ ನೋಡಬೇಕಾದ್ದು ಒಟ್ಟು ಸಮಯ ಅಲ್ಲ, ಫಿನಿಶ್ ಲೈನ್ ದಾಟುವಾಗಿನ ವೇಗ. ಒಟ್ಟು ಸಮಯದಲ್ಲಿ ರೈಡರ್‌ನ ಲಾಂಚ್, ಕ್ಲಚ್, ಟೈರ್ ಎಲ್ಲ ಸೇರಿರುತ್ತದೆ. ಕೊನೆಯ ವೇಗ ಎಂಜಿನ್‌ನ ಶಕ್ತಿಯನ್ನು ಹೆಚ್ಚು ಪ್ರಾಮಾಣಿಕವಾಗಿ ಹೇಳುತ್ತದೆ. ವೇಗ ಏರುವುದು ನಿಂತ ಕೂಡಲೇ ಒಂದು ನಂಬರ್ ವಾಪಸ್ ಏರಿಸಿ ಬಿಡಿ.

ಪ್ಲಗ್ ನೋಡುವಾಗ ಫುಲ್ ಥ್ರಾಟಲ್‌ನಲ್ಲೇ ಕಿಲ್ ಸ್ವಿಚ್ ಒತ್ತಿ, ಅದೇ ಕ್ಷಣ ಕ್ಲಚ್ ಹಿಡಿದು, ಉರುಳಿಕೊಂಡು ಬಂದು ಬಿಚ್ಚಬೇಕು. ಪಿಟ್‌ವರೆಗೆ ಓಡಿಸಿಕೊಂಡು ಬಂದರೆ ಕಾಣುವುದು ಐಡಲ್‌ನ ಬಣ್ಣ. ಈಗಿನ ಪೆಟ್ರೋಲ್‌ನಲ್ಲಿ ಪಿಂಗಾಣಿಯ ತುದಿ ಬಿಳಿಯಾಗೇ ಉಳಿಯುತ್ತದೆ, ಅದನ್ನು ನೋಡಿ ಹೆದರಬೇಡಿ. ಒಳಗೆ ಬುಡದಲ್ಲಿ ಇರುವ ಕಂದು ಉಂಗುರ ನೋಡಿ. ಪ್ಲಗ್ ತೂತಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ ತಲೆಯನ್ನೂ ನೋಡಿ. ಟ್ರಾನ್ಸ್‌ಫರ್ ಪೋರ್ಟ್‌ಗಳ ಎದುರು ಪೆಟ್ರೋಲ್ ತೊಳೆದ ಸ್ವಚ್ಛ ಜಾಗ ಸ್ವಲ್ಪ ಇರಬೇಕು. ಅದು ಪೂರ್ತಿ ಮಾಯವಾಗಿದ್ದರೆ ತೀರಾ ಲೀನ್.

ಈ ಪರೀಕ್ಷೆಗಳಿಗೆ ಮುಚ್ಚಿದ ಟ್ರ್ಯಾಕ್, ಅನುಮತಿ ಪಡೆದ ರನ್‌ವೇ ಇಲ್ಲವೇ ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಬೇಕು. ಏರ್‌ಪೋರ್ಟ್ ರೋಡ್‌ನಲ್ಲಿ ಮಧ್ಯರಾತ್ರಿ ಹೀಗೆ ಫುಲ್ ಥ್ರಾಟಲ್‌ನಲ್ಲಿ ಎಂಜಿನ್ ಆರಿಸಿ ಪ್ಲಗ್ ನೋಡುವುದು (ಪ್ಲಗ್ ಚಾಪ್) ಬೇರೆಯವರ ಜೀವದ ಜೊತೆ ಆಟ.

ಬೆಂಗಳೂರಿನವರಿಗೆ ಇನ್ನೊಂದು ಮುಖ್ಯ ವಿಷಯ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಶ್ರೀಪೆರಂಬದೂರು ಹತ್ತಿರದ ಮದ್ರಾಸ್ ಟ್ರ್ಯಾಕ್ ಹೆಚ್ಚುಕಡಿಮೆ ಸಮುದ್ರ ಮಟ್ಟದಲ್ಲೇ ಇದೆ. ಚೆನ್ನೈ ಸೆಖೆ, ಅಲ್ಲಿನ ಗಾಳಿ ತೆಳು ಅಂತ ಅನಿಸುವುದು ಸಹಜ. ಲೆಕ್ಕ ಹಾಕಿದರೆ ಹಾಗಿಲ್ಲ. ಇಲ್ಲಿ 25 ಡಿಗ್ರಿ, ಅಲ್ಲಿ 35 ಡಿಗ್ರಿ ಇದ್ದರೂ, ಅಲ್ಲಿನ ತೇವ ಸೇರಿಸಿದರೂ, ಅಲ್ಲಿನ ಗಾಳಿ ಶೇ 6ರಷ್ಟು ದಟ್ಟ. ಕಾರ್ಬೊರೇಟರ್ ಅದರಲ್ಲಿ ಅರ್ಧದಷ್ಟನ್ನು ತಾನೇ ಸರಿದೂಗಿಸುತ್ತದೆ, ಉಳಿದರ್ಧಕ್ಕೆ ಲೀನ್ ಆಗುತ್ತದೆ. ಬೆಂಗಳೂರಿನಲ್ಲಿ ಅಂಚಿಗೆ ತಂದು ಕೂರಿಸಿದ ಜೆಟ್‌ಗೆ ಆ ಶೇ 3 ಸಾಕು, ಕೊನೆಯ ನೂರು ಮೀಟರ್‌ನಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅಲ್ಲಿಂದ ಇಲ್ಲಿಗೆ ಬಂದ ಗಾಡಿ ರಿಚ್ ಆಗಿ ತೊದಲುತ್ತದೆ, ಆದರೆ ಬದುಕುತ್ತದೆ. ಕೆಳಗಿಳಿಯುವ ಪ್ರಯಾಣವೇ ಅಪಾಯದ್ದು. ಹೋಗುವಾಗ ಮೇಲಿನ ನಂಬರ್ ಜೆಟ್‌ಗಳನ್ನು ಕಟ್ಟಿಕೊಂಡು ಹೋಗಿ, ಮೊದಲ ರನ್ ಎರಡು ನಂಬರ್ ದೊಡ್ಡದರಲ್ಲಿ ಓಡಿಸಿ, ಆಮೇಲೆ ಇಳಿಸಿ. ಬೆಳಗ್ಗೆ ತಣ್ಣಗಿದ್ದಾಗ ಗಾಳಿ ಇನ್ನೂ ದಟ್ಟ ಇರುತ್ತದೆ. ಹಾಗಾಗಿ ಮಧ್ಯಾಹ್ನ ಹೊಂದಿಸಿದ ಜೆಟ್ ಅನ್ನು ಮರುದಿನ ಬೆಳಗಿನ ರನ್‌ಗೆ ಹಾಗೇ ಬಿಡಬೇಡಿ.

ಟ್ರ್ಯಾಕ್‌ನಲ್ಲೇ ದೋಷ ಕಾಣಿಸಿಕೊಂಡು, ಮುಂದಿನ ಹೀಟ್‌ಗೆ ಅರ್ಧ ಗಂಟೆ ಮಾತ್ರ ಇದ್ದರೆ ಇಷ್ಟು ಮಾಡಿ. ಪ್ಲಗ್ ಬಿಚ್ಚಿ ಲೆನ್ಸ್‌ನಲ್ಲಿ ನೋಡಿ. ಅಲ್ಯೂಮಿನಿಯಂ ಕಣ ಇದ್ದರೆ ಗಾಡಿ ಟ್ರಕ್‌ಗೆ ಹತ್ತಿಸಿ. ಇಲ್ಲದಿದ್ದರೆ ಟ್ಯಾಂಕ್ ಮುಚ್ಚಳ ತೆರೆದು ಮುಚ್ಚಿ, ಪೆಟ್ರೋಲ್ ಇನ್ನೊಂದು ಲೀಟರ್ ಹಾಕಿ, ಬೌಲ್ ಬಿಚ್ಚಿ ಹರಿವು ಅಳೆದು ನೀಡಲ್ ಸೀಟ್ ಊದಿ. ಹೊಸ ಪ್ಲಗ್ ಹಾಕಿ, ಜೆಟ್ ಒಂದು ನಂಬರ್ ಏರಿಸಿ, ಮ್ಯಾನಿಫೋಲ್ಡ್ ಕ್ಲಿಪ್ ಬಿಗಿಯಿರಿ. ರೈಡರ್‌ಗೆ ಒಂದೇ ಮಾತು ಹೇಳಿ ಕಳಿಸಿ: ಸೌಂಡ್ ತೆಳ್ಳಗಾದ ತಕ್ಷಣ ಕ್ಲಚ್ ಹಿಡಿ, ಆಮೇಲೆ ಆಕ್ಸಿಲರೇಟರ್ ಬಿಡು.